ಎಂ.ಎಸ್.ಡಬ್ಲ್ಯು ಸೇರೋ ಮುಂಚೆ ಮೂರು ತಿಂಗಳು ಹೀಗೆ ಮಾಡಿ ನೋಡಿ

ಡಿಗ್ರಿ ಕೊನೆ ಸೆಮಿಸ್ಟರ್ ಮುಗಿಯೋ ಹೊತ್ತಿಗೆ ಪ್ರತಿ ವರ್ಷ ನನಗೆ ಒಂದೇ ಥರದ ಫೋನುಗಳು ಬರುತ್ತವೆ. "ಅಕ್ಕ, ನಂಗೆ ಜನಕ್ಕೆ ಸಹಾಯ ಮಾಡೋದು ಅಂದ್ರೆ ಇಷ್ಟ. ಎಂ.ಎಸ್.ಡಬ್ಲ್ಯು ಸೇರ್‍ಲಾ?" ಎಂ.ಎಸ್.ಡಬ್ಲ್ಯು ಅಂದರೆ ಸಮಾಜಕಾರ್ಯದ ಸ್ನಾತಕೋತ್ತರ ಪದವಿ. ಫೋನ್ ಮಾಡೋರು ಮಂಡ್ಯ, ಮದ್ದೂರು, ಮಳವಳ್ಳಿ ಕಡೆ ಹುಡುಗ ಹುಡುಗಿಯರೇ ಜಾಸ್ತಿ. ಎಲ್ಲರಿಗೂ ನಾನು ಹೇಳೋದು ಒಂದೇ. ಈಗಲೇ ಅರ್ಜಿ ಹಾಕಬೇಡಿ. ಮೊದಲು ಮೂರು ತಿಂಗಳು ಈ ಕೆಲಸದ ಹತ್ತಿರ ಓಡಾಡಿ, ಆಮೇಲೆ ತೀರ್ಮಾನ ಮಾಡಿ. ಹೇಗೆ ಓಡಾಡೋದು, ಏನು ಗಮನಿಸೋದು, ಆಮೇಲೆ ಯಾವ ದಾರಿ ಹಿಡಿಯೋದು ಅನ್ನೋದನ್ನೆಲ್ಲ ಫೋನಿನಲ್ಲಿ ಬಿಡಿಸಿ ಹೇಳೋಕೆ ಆಗಲ್ಲ ಅಂತ ಇಲ್ಲಿ ಬರೆಯುತ್ತಿದ್ದೇನೆ.

ಸಮಾಜಸೇವೆ, ಸಮಾಜಕಾರ್ಯ ಎರಡನ್ನೂ ನಮ್ಮ ಜನ ಒಂದೇ ಅಂದುಕೊಂಡಿದ್ದಾರೆ. ಶಾಲೆಗೆ ನೋಟ್‌ಬುಕ್ ಹಂಚೋದು, ಜಾತ್ರೆಯಲ್ಲಿ ಪಾನಕ ಮಜ್ಜಿಗೆ ಕೊಡೋದು, ರಕ್ತದಾನ ಶಿಬಿರ ಮಾಡೋದು, ಇವೆಲ್ಲ ಸೇವೆ. ಒಳ್ಳೆಯ ಕೆಲಸವೇ, ನನ್ನ ತಾತನೂ ಊರ ಹಬ್ಬಕ್ಕೆ ಪಾನಕ ಮಾಡಿಸುತ್ತಿದ್ದರು. ಸಮಾಜಕಾರ್ಯಕ್ಕೆ ಒಂದು ಓದು ಇದೆ, ಕ್ರಮ ಇದೆ, ಸಂಬಳ ಇದೆ, ಮಾಡಿದ್ದಕ್ಕೆ ಲೆಕ್ಕ ಒಪ್ಪಿಸೋದೂ ಇದೆ. ಇದನ್ನು ಕಲಿಸೋ ನಮ್ಮ ದೇಶದ ಮೊದಲ ಶಾಲೆ 1936ರಲ್ಲಿ ಮುಂಬೈಯಲ್ಲಿ ಶುರುವಾಯಿತು. ಇವತ್ತು ಎಲ್ಲರೂ ಟಿಸ್ (ಟಾಟಾ ಸಮಾಜವಿಜ್ಞಾನ ಸಂಸ್ಥೆ) ಅನ್ನೋದು ಅದನ್ನೇ. ಮೈಸೂರಿನವರಿಗೆ ಅಷ್ಟು ದೂರ ಹೋಗಬೇಕಾಗಿಲ್ಲ, ಮೈಸೂರು ವಿಶ್ವವಿದ್ಯಾಲಯದ ಮಾನಸಗಂಗೋತ್ರಿಯಲ್ಲೇ ಸಮಾಜಕಾರ್ಯ ವಿಭಾಗ ಇದೆ.

ಕೆಲಸ ಅಂದರೆ ಏನು ಅಂತ ಒಂದು ಉದಾಹರಣೆ ಕೊಡುತ್ತೇನೆ. ನಾನು ಮೈಸೂರಿನ ಒಂದು ಆಸ್ಪತ್ರೆಯಲ್ಲಿ ಸಮಾಜಕಾರ್ಯಕರ್ತೆಯಾಗಿದ್ದಾಗ ಸಕ್ಕರೆ ಕಾಯಿಲೆಯಿಂದ ಕಾಲಿಗೆ ಗ್ಯಾಂಗ್ರೀನ್ ಆದ ರೈತರೊಬ್ಬರು ಬಂದರು. ಕಾಲು ತೆಗೆಯಬೇಕು ಅಂತ ಡಾಕ್ಟರು ಹೇಳಿಯಾಗಿತ್ತು. ಬಿ.ಪಿ.ಎಲ್ ಕಾರ್ಡ್ ಇದೆ, ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಇದೆ. ಆದರೆ ಆಧಾರ್‌ನಲ್ಲಿ ಅವರ ಹೆಸರಿನ ಜೊತೆ ಇನಿಶಿಯಲ್ ಇತ್ತು, ರೇಷನ್ ಕಾರ್ಡಿನಲ್ಲಿ ಇರಲಿಲ್ಲ. ಕೌಂಟರಿನಲ್ಲಿ "ಸರಿ ಮಾಡಿಸ್ಕೊಂಡ್ ಬನ್ನಿ" ಅಂತ ವಾಪಸ್ ಕಳಿಸಿದ್ದರು, ಎಲ್ಲಿ, ಯಾರ ಹತ್ತಿರ ಅಂತ ಹೇಳಿರಲಿಲ್ಲ. ಆಯಮ್ಮ, ಅವರ ಹೆಂಡತಿ, ಎರಡೂ ಕಾರ್ಡನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ರವಿಕೆಯೊಳಗೆ ಇಟ್ಟುಕೊಂಡು ಎರಡು ದಿನದಿಂದ ವಾರ್ಡಿನ ಬಾಗಿಲಲ್ಲಿ ಕೂತಿದ್ದರು.

ನಾನು ಮಾಡಿದ್ದು ಇಷ್ಟು. ಅವರ ಜೊತೆ ಕೂತು ಯಾವ ಕಾಗದದಲ್ಲಿ ಏನಿದೆ ಅಂತ ಬರೆದುಕೊಂಡೆ. ಊರಿನಲ್ಲಿ ಓದಿರೋ ಹುಡುಗ ಯಾರಿದ್ದಾನೆ ಅಂತ ಕೇಳಿ ಅವರ ಅಣ್ಣನ ಮಗನಿಗೆ ಫೋನ್ ಮಾಡಿದೆ. ಅವನು ತಾಲ್ಲೂಕು ಕಚೇರಿಯ ಆಹಾರ ಶಾಖೆಗೆ ಹೋದ, ಇಲ್ಲಿ ನಾನು ಆಸ್ಪತ್ರೆಯವರ ಜೊತೆ ಮಾತಾಡಿ ದಿನ ತಳ್ಳಿಸಿಕೊಂಡೆ. ನಡುವೆ ಆ ಯಜಮಾನರು "ಕಾಲು ಕತ್ತರಿಸಿದ್ ಮೇಲೆ ಗದ್ದೆಗೆ ಯಾರ್ ಇಳೀತಾರೆ, ನಂಗೆ ಆಪರೇಷನ್ನೇ ಬೇಡ" ಅಂತ ಹಟ ಹಿಡಿದರು. ಅದಕ್ಕೆ ಒಂದು ಸಂಜೆ ಪೂರ್ತಿ ಕೂರಬೇಕಾಯಿತು, ಅವರಿಗೆ ಬುದ್ಧಿ ಹೇಳೋಕಲ್ಲ, ಗದ್ದೆ ಎಷ್ಟಿದೆ, ನೀರಿನ ಸರದಿ ಯಾವತ್ತು, ಗುತ್ತಿಗೆಗೆ ಕೊಟ್ಟರೆ ಏನಾಗುತ್ತೆ ಅಂತ ಅವರೇ ಮಾತಾಡಿ ಮಾತಾಡಿ ಒಂದು ದಾರಿಗೆ ಬರೋ ತನಕ ಕೇಳಿಸಿಕೊಳ್ಳೋಕೆ. ಒಟ್ಟು ಒಂಬತ್ತು ದಿನ ಆಯಿತು. ನಾನು ಜೇಬಿನಿಂದ ಒಂದು ರೂಪಾಯಿ ಕೊಟ್ಟಿರಲಿಲ್ಲ. ಸಮಾಜಕಾರ್ಯ ಅಂದರೆ ಹೆಚ್ಚುಕಡಿಮೆ ಇದೇ ಕಣ್ರೀ, ಕಾಗದ ಮತ್ತು ಮನುಷ್ಯ ಎರಡನ್ನೂ ಬಿಡದೆ ಹಿಡಿದುಕೊಂಡು ಕೊನೆವರೆಗೂ ಜೊತೆಗಿರೋದು. ಇದನ್ನು ಓದಿ ಬೇಜಾರು ಅನ್ನಿಸಿದರೆ ಪರವಾಗಿಲ್ಲ, ಈಗಲೇ ಗೊತ್ತಾದದ್ದು ಒಳ್ಳೇದು. "ಆಮೇಲೇನಾಯ್ತು?" ಅನ್ನಿಸಿದರೆ ಮುಂದೆ ಓದಿ. (ಆಪರೇಷನ್ ಆಯಿತು. ಗದ್ದೆ ಅಣ್ಣನ ಮಗ ಮಾಡುತ್ತಿದ್ದಾನೆ.)

ಈಗ ಮೂರು ತಿಂಗಳ ವಿಷಯ. ಇದಕ್ಕೆ ಯಾವ ಸಂಸ್ಥೆಗೂ ಅರ್ಜಿ ಹಾಕಬೇಕಾಗಿಲ್ಲ, ನಿಮ್ಮ ಪಂಚಾಯಿತಿ ಸಾಕು. ಪ್ರತಿ ಗ್ರಾಮ ಪಂಚಾಯಿತಿಯಲ್ಲೂ ಅಂಗವಿಕಲರಿಗೆ ಸಹಾಯ ಮಾಡೋಕೆ ಒಬ್ಬರು ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಇರುತ್ತಾರೆ, ಎಲ್ಲರೂ ವಿ.ಆರ್.ಡಬ್ಲ್ಯು ಅಂತಲೇ ಕರೆಯೋದು. ಇವರು ಸ್ವತಃ ಅಂಗವಿಕಲರೇ ಆಗಿರೋದು ಜಾಸ್ತಿ. ಅಂಗವಿಕಲರ ಹಕ್ಕುಗಳ 2016ರ ಕಾಯ್ದೆ ಬಂದ ಮೇಲೆ 21 ಬಗೆಯ ಅಂಗವೈಕಲ್ಯಗಳನ್ನು ಗುರುತಿಸಿದ್ದಾರೆ, ಆದರೆ ಎಷ್ಟೋ ಮನೆಗಳಲ್ಲಿ ತಮ್ಮ ಮಗುವಿಗೆ ಇರೋದು ಆ ಪಟ್ಟಿಯಲ್ಲಿದೆ ಅಂತಲೇ ಗೊತ್ತಿಲ್ಲ. ಆ ವಿ.ಆರ್.ಡಬ್ಲ್ಯು ಅವರನ್ನು ಹುಡುಕಿಕೊಂಡು ಹೋಗಿ, "ಅಣ್ಣ, ಶನಿವಾರ ಶನಿವಾರ ನಿಮ್ಮ ಜೊತೆ ಬರ್‍ಲಾ, ಫಾರಂ ತುಂಬೋಕೆ ಸಹಾಯ ಮಾಡ್ತೀನಿ" ಅಂತ ಕೇಳಿ. ಬೇಡ ಅನ್ನೋರು ಕಡಿಮೆ. ಇಲ್ಲಾಂದರೆ ಆಶಾ ಕಾರ್ಯಕರ್ತೆ ಜೊತೆ ಮನೆ ಭೇಟಿಗೆ ಹೋಗಿ. ಗ್ರಾಮಸಭೆ ನಡೆಯೋ ದಿನ ಹಿಂದಿನ ಸಾಲಲ್ಲಿ ಕೂತು ಯಾರು ಮಾತಾಡಿದರು, ಯಾರು ಬಾಯಿ ಬಿಡಲಿಲ್ಲ, ಬಂದಿರೋ ಹೆಂಗಸರು ಎಲ್ಲಿ ಕೂತರು ಅಂತ ಬರೆದುಕೊಳ್ಳಿ. ಮಕ್ಕಳ ದಿನಾಚರಣೆ ಆಸುಪಾಸಿನಲ್ಲಿ ಮಕ್ಕಳ ಗ್ರಾಮಸಭೆ ಇರುತ್ತೆ, ಅದನ್ನಂತೂ ತಪ್ಪಿಸಬೇಡಿ. "ನಮ್ ಸ್ಕೂಲ್ ಹತ್ರ ಬ್ರಾಂದಿ ಅಂಗಡಿ ಐತೆ, ಸಾಯಂಕಾಲ ಬರೋಕೆ ಭಯ ಆಯ್ತದೆ" ಅಂತ ಏಳನೇ ಕ್ಲಾಸಿನ ಹುಡುಗಿ ಮೈಕ್ ಹಿಡಿದು ಹೇಳಿದ್ದನ್ನು ನಾನು ಕೇಳಿದ್ದೇನೆ. ಅವತ್ತು ವೇದಿಕೆ ಮೇಲಿದ್ದ ದೊಡ್ಡವರೆಲ್ಲ ಸುಮ್ಮನಾದರು.

ಮೂರು ತಿಂಗಳು ಒಂದು ಡೈರಿ ಇಡಿ. ದಿನಕ್ಕೆ ಅರ್ಧ ಪುಟ ಸಾಕು. ಏನು ನೋಡಿದೆ, ಏನು ಅಂದುಕೊಂಡೆ ಎರಡನ್ನೂ ಬೇರೆ ಬೇರೆ ಬರೆಯಿರಿ. "ಗಂಡ ಕುಡುಕ" ಅನ್ನೋದು ನೀವು ಅಂದುಕೊಂಡದ್ದು. "ಮಧ್ಯಾಹ್ನ ಎರಡು ಗಂಟೆಗೆ ಹೋದಾಗ ಅವರು ಮಲಗಿದ್ದರು, ಹೆಂಡತಿ ಮೆಲ್ಲಗೆ ಮಾತಾಡಿದರು" ಅನ್ನೋದು ನೋಡಿದ್ದು. ಈ ಎರಡನ್ನು ಬಿಡಿಸೋದೇ ಮುಂದೆ ಎರಡು ವರ್ಷ ನಿಮಗೆ ಕಲಿಸೋ ಮುಖ್ಯ ಪಾಠ.

ಕೊನೆಗೆ ಡೈರಿ ತೆಗೆದು ನೋಡಿಕೊಳ್ಳಿ. ಒಂದೇ ಮನೆಗೆ ಐದನೇ ಸಲ ಹೋಗಬೇಕಾಗಿ ಬಂದಾಗ ಹೋದಿರಾ, ಇಲ್ಲ ನೆಪ ಹೇಳಿದಿರಾ? ನೀವು ಹೇಳಿದ್ದನ್ನು ಆ ಮನೆಯವರು ಕೇಳದೇ ಇದ್ದಾಗ ನಿಮಗೆ ಬಂದದ್ದು ಸಿಟ್ಟಾ, ಕುತೂಹಲನಾ? ಬೇರೆ ಜಾತಿಯವರ ಮನೆಯಲ್ಲಿ ಕೊಟ್ಟ ಕಾಫಿ ಕುಡಿದಿರಾ? ಇದನ್ನು ಕೇಳೋಕೆ ಮುಜುಗರ ಬೇಡ, ಊರಿನಲ್ಲಿ ಅದು ಎಲ್ಲರ ಕಣ್ಣಿಗೂ ಬೀಳುತ್ತೆ. ನೀವು ಲೋಟ ಮುಟ್ಟದೆ ಎದ್ದುಬಂದರೆ ಆ ಬೀದಿಯಲ್ಲಿ ನಿಮ್ಮ ಕೆಲಸ ಅಲ್ಲಿಗೆ ಮುಗೀತು.

ಕೇಳೋದನ್ನು ಕಲಿಯೋದೇ ಕಷ್ಟ. ನನ್ನ ಮೊದಲ ಕ್ಷೇತ್ರಕಾರ್ಯ, ಅಂದರೆ ಓದಿನ ಭಾಗವಾಗಿ ಜನರ ನಡುವೆ ಹೋಗಿ ಕಲಿಯೋದು, ಶ್ರೀರಂಗಪಟ್ಟಣದ ಕಡೆ ಒಂದು ಹಳ್ಳಿಯಲ್ಲಿ. ಜಗುಲಿ ಮೇಲೆ ಅವರೆಕಾಯಿ ಸುಲಿಯುತ್ತಾ ಕೂತಿದ್ದ ಒಬ್ಬರು ಅವ್ವನ ಮುಂದೆ ನೋಟ್‌ಬುಕ್ ತೆಗೆದು ಹೆಸರೇನು, ವಯಸ್ಸೆಷ್ಟು, ಮನೇಲಿ ಎಷ್ಟು ಜನ ಅಂತ ಶುರು ಮಾಡಿದೆ. ಆಕೆ ಕೈ ನಿಲ್ಲಿಸಿ ನನ್ನ ಪೆನ್ನನ್ನೇ ನೋಡಿದರು. "ಅದ್ಯಾಕವ್ವ ಬರ್ಕೊತೀಯ, ನಮ್ಮನೆ ಕಥೆಯ?" ಅಂದರು. ಅಲ್ಲಿಗೆ ಮಾತು ಮುಗಿಯಿತು. ಮುಂದಿನ ವಾರ ಪುಸ್ತಕ ಬ್ಯಾಗಿನಿಂದ ತೆಗೆಯಲೇ ಇಲ್ಲ. ಮೊರದ ಆ ಕಡೆ ಕೂತು ನಾನೂ ಕಾಯಿ ಸುಲಿದೆ. ಸೊನೆ ಬೆರಳಿಗೆ ಅಂಟಿಕೊಂಡು ಕಪ್ಪಾಯಿತು. ಮುಕ್ಕಾಲು ಗಂಟೆ ಮಳೆ, ಅವರೆ ರೇಟು, ನಮ್ಮಮ್ಮ ಹಿದಕವರೆ ಹೇಗೆ ಮಾಡ್ತಾರೆ ಅಂತ ಅದೇ ಮಾತು. ಬಸ್ಸಿಗೆ ಹೊತ್ತಾಯಿತು ಅಂತ ಎದ್ದು ಚಪ್ಪಲಿ ಮೆಟ್ಟಿಕೊಳ್ಳುವಾಗ ಆಕೆ ತಲೆ ಎತ್ತದೆ ಹೇಳಿದರು: "ನಮ್ ಸೊಸೆ ಮೂರ್ ತಿಂಗ್ಳಿಂದ ತೌರಲ್ಲೇ ಅವ್ಳೆ ಕಣವ್ವ. ಹೊಡ್ದವ್ನು ನನ್ ಮಗನೇಯ."

ಅವತ್ತು ಆ ಬಸ್ಸು ಬಿಟ್ಟೆ. ಆಮೇಲೆ ಇಷ್ಟು ವರ್ಷದಲ್ಲಿ ಅದೇ ಆಗುತ್ತಾ ಬಂದಿದೆ, ನಿಜವಾದ ಮಾತು ಹೊರಡೋದು ನೀವು ಎದ್ದು ನಿಂತಾಗ. ಹಾಗಾಗಿ ಕೊನೆ ಬಸ್ಸಿಗೆ ಮುಂಚಿನ ಬಸ್ಸಿನ ಟೈಮು ನೋಡಿಕೊಂಡು ಏಳಿ, ಆಗ ಕೈಯಲ್ಲಿ ಇನ್ನೊಂದು ಬಸ್ಸು ಉಳಿದಿರುತ್ತೆ.

ಮೂರು ತಿಂಗಳ ನಂತರವೂ ಮನಸ್ಸು ಇದೇ ಕಡೆ ಇದ್ದರೆ ಮುಂದಿನ ಪ್ರಶ್ನೆ, ಯಾವ ಕ್ಷೇತ್ರ? ಎಂ.ಎಸ್.ಡಬ್ಲ್ಯು ಎರಡು ವರ್ಷ, ನಾಲ್ಕು ಸೆಮಿಸ್ಟರ್. ಸಾಮಾನ್ಯವಾಗಿ ಯಾವ ಡಿಗ್ರಿ ಆದವರೂ ಸೇರಬಹುದು, ಸಮಾಜಕಾರ್ಯದ ಡಿಗ್ರಿಯಾದ ಬಿ.ಎಸ್.ಡಬ್ಲ್ಯು ಆಗಿರಲೇಬೇಕು ಅಂತಿಲ್ಲ. ಬಿ.ಕಾಂ, ಬಿ.ಎಸ್ಸಿ ಮಾಡಿ ಬಂದ ಒಳ್ಳೊಳ್ಳೆ ಕೆಲಸಗಾರರು ನನ್ನ ಜೊತೆಗಿದ್ದಾರೆ.

ಆಸ್ಪತ್ರೆ ಮತ್ತು ಮನೋವೈದ್ಯಕೀಯ ಕ್ಷೇತ್ರ ಒಂದು. ಕೆ.ಆರ್. ಆಸ್ಪತ್ರೆ, ಚೆಲುವಾಂಬ, ಜೆ.ಎಸ್.ಎಸ್., ಮಂಡ್ಯದ ಮಿಮ್ಸ್, ಇವಕ್ಕೆಲ್ಲ ಸುತ್ತಲಿನ ತಾಲ್ಲೂಕುಗಳಿಂದ ಜನ ಬರುತ್ತಾರೆ. ಡಾಕ್ಟರು ಹೇಳಿದ್ದು ಅರ್ಥವಾಗದವರು, ಮನೆಗೆ ಹೋದ ಮೇಲೆ ಮಾತ್ರೆ ನಿಲ್ಲಿಸೋರು, ವಿಷ ಕುಡಿದು ಬದುಕಿ ಉಳಿದವರು. 2015ರಲ್ಲಿ ಮಂಡ್ಯದಲ್ಲಿ ಕಬ್ಬಿನ ರೈತರ ಸಾಲು ಸಾಲು ಸಾವು ನೋಡಿದ್ದೇವೆ. ಬದುಕಿ ಬಂದವರನ್ನು ವಾರ್ಡಿನಿಂದ ಮನೆಗೆ ಕಳಿಸಿದ ಮೇಲೆ ಆರು ತಿಂಗಳು ವಿಚಾರಿಸಿಕೊಳ್ಳೋರು ಬೇಕು. ಸಾಲ ಕೊಟ್ಟವನು ಮತ್ತೆ ಬಾಗಿಲಿಗೆ ಬಂದನಾ, ಹೆಂಡತಿ ಕೈಸಾಲದ ವಿಷಯ ಪೂರ್ತಿ ತಿಳಿದುಕೊಂಡಿದ್ದಾರಾ, ಬೆಳೆಗೆ ಹೊಡೆಯೋ ಔಷಧಿ ಡಬ್ಬ ಮನೆಯೊಳಗೇ ಇದೆಯಾ ಅಂತ. ಇದು ಡಾಕ್ಟರ ಕೈಲಿ ಆಗೋ ಕೆಲಸ ಅಲ್ಲ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದಲ್ಲಿ ಇದಕ್ಕೇ ಹುದ್ದೆ ಇದೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಈಗಲೇ ಫೋನಿನಲ್ಲಿ ಸೇವ್ ಮಾಡಿಕೊಳ್ಳಿ, ಬೇಕಾಗುತ್ತೆ. ಮನೋವೈದ್ಯಕೀಯ ಸಮಾಜಕಾರ್ಯದಲ್ಲೇ ನಿಲ್ಲಬೇಕು ಅಂದರೆ ಎಂ.ಎಸ್.ಡಬ್ಲ್ಯು ಒಂದೇ ಸಾಲದು, ಮುಂದೆ ಆ ವಿಷಯದ ವಿಶೇಷ ತರಬೇತಿ ಬೇಕು. ನಿಮ್ಹಾನ್ಸ್ ಇದಕ್ಕೆ ಹೆಸರುವಾಸಿ.

ಸಮುದಾಯ ಅಭಿವೃದ್ಧಿ ಅಂದರೆ ಹಳ್ಳಿ, ಹಾಡಿ (ಕಾಡಂಚಿನ ಬುಡಕಟ್ಟು ಜನರ ವಸತಿ), ಸ್ಲಮ್ಮು, ಸಂಘಗಳು. ಇದರಲ್ಲಿ ನಮ್ಮ ಕಡೆಗೆ ದೊಡ್ಡ ಚರಿತ್ರೆ ಇದೆ. ಟಿಬೆಟಿನಿಂದ ಬಂದವರಿಗೆ ನೆಲೆ ಮಾಡಿಕೊಡೋಕೆ ಅಂತ 1968ರಲ್ಲಿ ಹುಟ್ಟಿದ ಮೈರಾಡ ಮುಂದೆ ಸ್ವಸಹಾಯ ಸಂಘಗಳನ್ನು ಬೆಳೆಸಿತು. ಅದರ ಹೆಸರಿನಲ್ಲಿರೋ 'ಮೈ' ನಮ್ಮ ಮೈಸೂರಿನದೇ. ಮೈಸೂರು ಮೆಡಿಕಲ್ ಕಾಲೇಜಿನ ವಿದ್ಯಾರ್ಥಿಗಳು ಡಾ. ಆರ್. ಬಾಲಸುಬ್ರಹ್ಮಣ್ಯಂ ಅವರ ಮುಂದಾಳತ್ವದಲ್ಲಿ 1984ರಲ್ಲಿ ಕಟ್ಟಿದ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ಎಚ್.ಡಿ. ಕೋಟೆ, ಸರಗೂರು ಕಡೆ ಕಾಡಂಚಿನ ಜನರ ನಡುವೆ ಆಸ್ಪತ್ರೆ, ಶಾಲೆ ನಡೆಸುತ್ತಾ ಬಂದಿದೆ. ಕೋಟೆ ಕಡೆ ಜೇನುಕುರುಬರ ಹಾಡಿಗಳಲ್ಲಿ ಕೆಲಸ ಮಾಡೋಕೆ ಆಸೆ ಇದ್ದರೆ 2006ರ ಅರಣ್ಯ ಹಕ್ಕು ಕಾಯ್ದೆಯನ್ನು ಸರಿಯಾಗಿ ಓದಿಕೊಂಡು ಹೋಗಿ. ಕಾಡಿನಿಂದ ಎದ್ದು ಬಂದವರಿಗೆ ನೀವು ಸ್ವಚ್ಛತೆಯ ಭಾಷಣ ಮಾಡಿದರೆ ಅವರು ನಕ್ಕು ಸುಮ್ಮನಾಗುತ್ತಾರೆ. ಅವರು ಕೇಳೋದು ಈ ಕಾಯ್ದೆಯಲ್ಲಿ ಹಕ್ಕಿಗೆ ಹಾಕಿದ ಅರ್ಜಿ ಎಲ್ಲಿ ನಿಂತಿದೆ ಅಂತ.

ಮಕ್ಕಳು, ಮಹಿಳೆಯರ ಕ್ಷೇತ್ರ ಗಟ್ಟಿ ಮನಸ್ಸು ಕೇಳುತ್ತೆ. ಮೈಸೂರಿನ ಒಡನಾಡಿ ಸಂಸ್ಥೆ ಮಾನವ ಸಾಗಣೆಗೆ ಸಿಕ್ಕ ಹೆಣ್ಣುಮಕ್ಕಳನ್ನು ಬಿಡಿಸಿ ತಂದು ನೆಲೆ ಕೊಡೋ ಕೆಲಸ ದಶಕಗಳಿಂದ ಮಾಡುತ್ತಿದೆ. ಸರ್ಕಾರದ ಕಡೆಯಿಂದ ಜಿಲ್ಲಾ ಮಕ್ಕಳ ರಕ್ಷಣಾ ಘಟಕ, ಬಾಲಮಂದಿರ, ದೌರ್ಜನ್ಯಕ್ಕೆ ಒಳಗಾದ ಹೆಂಗಸರಿಗೆ ನೆರವಾಗೋ ಸಖಿ ಕೇಂದ್ರ, ಸಾಂತ್ವನ ಇವೆ. ಇಲ್ಲಿ ಕಾನೂನು ಗೊತ್ತಿಲ್ಲದೆ ಒಂದು ಹೆಜ್ಜೆ ಇಡೋಕಾಗಲ್ಲ. ಪೋಷಣೆ, ರಕ್ಷಣೆ ಬೇಕಾದ ಮಗು ಸಿಕ್ಕರೆ ಪ್ರಯಾಣದ ಸಮಯ ಬಿಟ್ಟು 24 ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿ ಮುಂದೆ ಹಾಜರು ಮಾಡಬೇಕು. ಆ ಮಗುವಿನ ಹೆಸರು, ಫೋಟೊ, ಶಾಲೆ ಯಾವುದೂ ಹೊರಗೆ ಬರಬಾರದು. ಬಾಲ್ಯವಿವಾಹ ನಿಲ್ಲಿಸಿದೆ ಅಂತ ಹುಡುಗಿ ಜೊತೆ ಸೆಲ್ಫಿ ತೆಗೆದು ಸ್ಟೇಟಸ್‌ಗೆ ಹಾಕೋರನ್ನು ನೋಡಿದ್ದೇನೆ. ಹೊಟ್ಟೆ ಉರಿಯುತ್ತೆ. ನಾಳೆ ಆ ಹುಡುಗಿ ಅದೇ ಊರಿನಲ್ಲಿ ಬದುಕಬೇಕಲ್ವಾ?

2023ರ ಕೊನೆಯಲ್ಲಿ ಮಂಡ್ಯದ ಆಲೆಮನೆಯೊಂದರಲ್ಲಿ ಸ್ಕ್ಯಾನಿಂಗ್ ಯಂತ್ರ ಇಟ್ಟುಕೊಂಡು ಹೆಣ್ಣು ಭ್ರೂಣ ಪತ್ತೆ ಮಾಡುತ್ತಿದ್ದದ್ದು ಹೊರಗೆ ಬಂತು. ಬೆಲ್ಲ ಕಾಯಿಸೋ ಜಾಗ! ಭ್ರೂಣಲಿಂಗ ಪತ್ತೆ ತಡೆಯೋ ಕಾಯ್ದೆ 1994ರಿಂದ ಇದೆ, ಯಂತ್ರ ಹಿಡಿಯೋದು ಪೊಲೀಸರ, ಆರೋಗ್ಯ ಇಲಾಖೆಯ ಕೆಲಸ. ಆದರೆ ಎರಡನೇದೂ ಹೆಣ್ಣಾದರೆ ಅಂತ ರಾತ್ರಿಯೆಲ್ಲ ನಿದ್ದೆ ಬಿಟ್ಟ ಬಸುರಿ ಜೊತೆ, ಅವಳ ಅತ್ತೆ ಜೊತೆ, ಜಮೀನು ಯಾರಿಗೆ ಅಂತ ಕೇಳೋ ಮಾವನ ಜೊತೆ ಮೊದಲೇ ಹೋಗಿ ಕೂರೋರು ಯಾರು? ನಮ್ಮ ಜಿಲ್ಲೆಗೆ ಈ ಕೆಲಸದವರು ಇನ್ನೂ ಎಷ್ಟು ಜನ ಬೇಕು ಅಂತ ಆ ಸುದ್ದಿ ಓದಿದ ದಿನ ನನಗೆ ಅನ್ನಿಸಿತು. ಇವತ್ತಿಗೂ ಹಾಗೇ ಅನ್ನಿಸುತ್ತೆ.

ಇನ್ನು ಎಚ್.ಆರ್., ಅಂದರೆ ಕಾರ್ಖಾನೆ, ಕಂಪನಿಗಳಲ್ಲಿ ನೌಕರರ ವಿಷಯ ನೋಡಿಕೊಳ್ಳೋ ಕೆಲಸ. ಕಾರ್ಮಿಕ ಕಲ್ಯಾಣದ ಈ ದಾರಿ ಹಳೇದು. 1948ರ ಕಾರ್ಖಾನೆ ಕಾಯ್ದೆ 500 ಮತ್ತು ಹೆಚ್ಚು ಕಾರ್ಮಿಕರಿದ್ದ ಕಡೆ ಕಲ್ಯಾಣಾಧಿಕಾರಿ ಇರಬೇಕು ಅಂತ ಹೇಳಿತ್ತು. ನಂಜನಗೂಡು, ಮೈಸೂರಿನ ಹೂಟಗಳ್ಳಿ, ಹೆಬ್ಬಾಳದ ಕಾರ್ಖಾನೆಗಳಿಗೆ ಸೇರಿದ ಸಹಪಾಠಿಗಳು ನನಗಿಂತ ಜಾಸ್ತಿ ಸಂಬಳ ತಗೊಳ್ಳುತ್ತಾರೆ. ಮನೆ ಪರಿಸ್ಥಿತಿ ನೋಡಿಕೊಂಡು ಅದನ್ನು ಆರಿಸಿದರೆ ಯಾರೂ ನಿಮ್ಮನ್ನು ಕಡಿಮೆ ಅಂತ ನೋಡಬೇಕಾಗಿಲ್ಲ.

ಕಾಲೇಜು ಆರಿಸುವಾಗ ಕಟ್ಟಡ ನೋಡಬೇಡಿ, ಕ್ಷೇತ್ರಕಾರ್ಯ ವಿಚಾರಿಸಿ. ವಾರಕ್ಕೆ ಎಷ್ಟು ದಿನ ಫೀಲ್ಡಿಗೆ ಕಳಿಸುತ್ತಾರೆ, ಸಾಮಾನ್ಯವಾಗಿ ಎರಡು ದಿನ ಇರಬೇಕು. ಮೇಷ್ಟ್ರು ಒಬ್ಬೊಬ್ಬರನ್ನೇ ಕೂರಿಸಿಕೊಂಡು ವರದಿ ಓದಿ ಮಾತಾಡುತ್ತಾರಾ, ಸುಮ್ಮನೆ ಸಹಿ ಹಾಕುತ್ತಾರಾ? ಗ್ರಾಮೀಣ ಶಿಬಿರ ಎಲ್ಲಿ ಮಾಡಿದರು, ಶಿಬಿರ ಮುಗಿದ ಮೇಲೆ ಆ ಊರಿಗೆ ಮತ್ತೆ ಹೋದರಾ? ಇದನ್ನು ಆಫೀಸಿನಲ್ಲಿ ಕೇಳಿದರೆ ಎಲ್ಲವೂ ಚೆನ್ನಾಗಿದೆ ಅನ್ನುತ್ತಾರೆ. ಕ್ಯಾಂಟೀನಿಗೆ ಹೋಗಿ ಎರಡನೇ ವರ್ಷದವರಿಗೆ ಒಂದು ಟೀ ಕೊಡಿಸಿ ಕೇಳಿ. ಕೆಲಸದಲ್ಲಿ ಇದ್ದುಕೊಂಡೇ ಓದಬೇಕಾದವರಿಗೆ ಇಗ್ನೊ ಥರದ ದೂರಶಿಕ್ಷಣವೂ ಇದೆ. ಅಲ್ಲಿ ಕ್ಷೇತ್ರಕಾರ್ಯವನ್ನು ನೀವೇ ಗಟ್ಟಿಯಾಗಿ ಹಿಡಿದುಕೊಳ್ಳಬೇಕು. ಮಂಡ್ಯದಿಂದ ಮೈಸೂರಿಗೆ ದಿನಾ ಓಡಾಡೋ ಹೆಣ್ಣುಮಕ್ಕಳಿಗೆ 2023ರಿಂದ ಶಕ್ತಿ ಯೋಜನೆಯಲ್ಲಿ ಸಾಮಾನ್ಯ ಬಸ್ಸು ಉಚಿತ, ಹಾಸ್ಟೆಲ್ ಖರ್ಚು ಉಳಿಸಬಹುದು.

ದುಡ್ಡಿನ ಮಾತು ಮುಚ್ಚಿಡಲ್ಲ. ನನ್ನ ಮೊದಲ ಸಂಬಳ 8,000 ರೂಪಾಯಿ, 11 ತಿಂಗಳ ಗುತ್ತಿಗೆ. ಪ್ರಾಜೆಕ್ಟ್ ಮುಗಿದಾಗ ಒಂದು ಸಲ ನಾಲ್ಕು ತಿಂಗಳು ಕೆಲಸ ಇಲ್ಲದೆ ಮನೆಯಲ್ಲಿದ್ದೆ. ಅಪ್ಪ ಏನೂ ಅನ್ನಲಿಲ್ಲ, ಆದರೆ ಊಟಕ್ಕೆ ಕೂತಾಗ ನನ್ನ ಮುಖ ನೋಡುತ್ತಿರಲಿಲ್ಲ. ಅದಕ್ಕೇ ಮನೆಯವರಿಗೆ ಮೊದಲೇ ಹೇಳಿಬಿಡಿ, ಮೊದಲ ಮೂರು ನಾಲ್ಕು ವರ್ಷ ಕಡಿಮೆ ಸಂಬಳ, ಗುತ್ತಿಗೆ ಕೆಲಸ, ಆಮೇಲೆ ಅನುಭವದ ಮೇಲೆ ಏರುತ್ತೆ. ಜೊತೆಗೆ ಇನ್ನೊಂದು ದಾರಿ ತೆರೆದಿಟ್ಟುಕೊಳ್ಳಿ. ಅಂಗನವಾಡಿ ಮೇಲ್ವಿಚಾರಕಿ, ಸಿ.ಡಿ.ಪಿ.ಓ (ಶಿಶು ಅಭಿವೃದ್ಧಿ ಯೋಜನಾಧಿಕಾರಿ), ಹಾಸ್ಟೆಲ್ ವಾರ್ಡನ್ ಥರದ ಸರ್ಕಾರಿ ಹುದ್ದೆಗಳಿಗೆ ಕರೆ ಬಂದಾಗ ಈ ಓದು ಕೈ ಹಿಡಿಯುತ್ತೆ. ಪಾಠ ಮಾಡೋ ಆಸೆ ಇದ್ದರೆ, ಕಾಲೇಜು ಮೇಷ್ಟ್ರಾಗೋಕೆ ಬರೆಯೋ ಅರ್ಹತಾ ಪರೀಕ್ಷೆಗಳಾದ ನೆಟ್, ಕೆ-ಸೆಟ್ ಎರಡರಲ್ಲೂ ಸಮಾಜಕಾರ್ಯ ಒಂದು ವಿಷಯ. ಕನ್ನಡದಲ್ಲಿ ಚೆನ್ನಾಗಿ ಅರ್ಜಿ ಬರೆಯೋದು, ಇಂಗ್ಲಿಷಿನಲ್ಲಿ ಒಂದು ಪುಟ ವರದಿ, ಎಕ್ಸೆಲ್, ಟೂ ವೀಲರ್ ಲೈಸೆನ್ಸ್, ಇವು ನಾಲ್ಕು ಇರೋರಿಗೆ ಕೆಲಸ ಬೇಗ ಸಿಗುತ್ತೆ.

ಕೆಲಸಕ್ಕೆ ಸೇರಿದ ಮೇಲೆ ಜನರಿಗೆ ಸಾಲ ಕೊಡಬೇಡಿ, ಅವರಿಂದ ತಗೊಳ್ಳಲೂಬೇಡಿ. ಎಲ್ಲಿಗೆ ಹೋಗುತ್ತಿದ್ದೀರಿ ಅಂತ ಆಫೀಸಿನಲ್ಲಿ ಒಬ್ಬರಿಗಾದರೂ ಹೇಳಿ ಹೋಗಿ, ಅದರಲ್ಲೂ ಗಂಡ ಹೆಂಡತಿ ಜಗಳದ ಮನೆಗೆ ಒಬ್ಬರೇ ಹೋಗಬೇಡಿ. ರಾತ್ರಿ ಮನೆಗೆ ಬಂದ ಮೇಲೂ ಕೇಸು ತಲೆಯಲ್ಲಿ ಸುತ್ತುತ್ತಾ ಇದ್ದರೆ ಹಿರಿಯ ಸಹೋದ್ಯೋಗಿ ಹತ್ತಿರ ಮಾತಾಡಿ. ಅದು ಸೋಲಲ್ಲ, ಈ ವೃತ್ತಿಯಲ್ಲಿ ಅದೂ ಕೆಲಸದ ಒಂದು ಭಾಗ.

ಇಂಟರ್‌ವ್ಯೂನಲ್ಲಿ, ಅದು ಕಾಲೇಜಿನದಿರಲಿ ಸಂಸ್ಥೆಯದಿರಲಿ, "ಯಾಕೆ ಈ ಕ್ಷೇತ್ರ?" ಅಂತ ಕೇಳೇ ಕೇಳುತ್ತಾರೆ. ಸಮಾಜಕ್ಕೆ ಏನಾದರೂ ಮಾಡಬೇಕು ಅಂತ ಹತ್ತರಲ್ಲಿ ಒಂಬತ್ತು ಜನ ಹೇಳುತ್ತಾರೆ. ನೀವು ಆ ಮೂರು ತಿಂಗಳಲ್ಲಿ ಹೋದ ಒಂದು ಮನೆಯ ವಿಷಯ ಹೇಳಿ, ಊರು ಹೆಸರು ಬಿಟ್ಟು. ಮೊದಲ ಸಲ ಏನು ನೋಡಿದಿರಿ, ಐದನೇ ಸಲ ಏನು ಗೊತ್ತಾಯಿತು, ಯಾವ ಕಾಗದ ಇನ್ನೂ ಬಾಕಿ ಇದೆ. ಡೈರಿ ಬ್ಯಾಗಿನಲ್ಲೇ ಇರಲಿ.